ಮೂರನೇ ಸಾಲಿನ ಎಲೆ

ಎಲೆಯ ಅಗಲ ಅರ್ಧ ಮಿಲಿಮೀಟರು.
ಬರೆದು, ಹೊಡೆದುಹಾಕಿ, ಮತ್ತೆ ಅಳೆಯುತ್ತೇನೆ:
ಸೊನ್ನೆ ಪಾಯಿಂಟ್ ನಾಲ್ಕು ಎಂಟು.
ಅಷ್ಟರಲ್ಲಿ ಮೂರನೇ ಗೇಟು ಬಿದ್ದು
ಮೀರಜ ಕಡೆಯ ಗಾಡಿ
ಟಿಳಕವಾಡಿಯ ನೆಲವನ್ನೆಲ್ಲ ನಡುಗಿಸಿ ಹೋಗುತ್ತದೆ.
ಮಸೂರದ ಕೆಳಗಿನ ಹಸಿರು
ಒಂದು ಗಳಿಗೆ ತುಳುಕಿ, ನಿಂತು,
ಮತ್ತೆ ಎಲೆಯಾಗುತ್ತದೆ.

ಕಾಂಡ: ತೆಳು, ಕೂದಲಿಗಿಂತ ಒಂದಿಷ್ಟು ದಪ್ಪ.
(ಯಾರ ಕೂದಲು? ಅಂತ ಕುಲಗೋಡ ಸರ್
ಅಂಚಿನಲ್ಲಿ, ಕೆಂಪು ಪೆನ್ನಿನಲ್ಲಿ.)
ಎಲೆ: ಎಡಕ್ಕೊಂದು ಸಾಲು, ಬಲಕ್ಕೊಂದು,
ಒಂದರ ಅಂಚಿನ ಮೇಲೆ ಇನ್ನೊಂದರ ಅಂಚು.
ಖಾನಾಪುರದ ಹೆಂಚನ್ನು ಹುಚ್ಚು ಗೌಂಡಿಯೊಬ್ಬ
ಉಲ್ಟಾ ಹೊದಿಸಿದ ಹಾಗೆ,
ನೀರು ಒಳಗೇ ಇಳಿಯಲಿ ಅಂತ.

ಪ್ರತಿ ಎಲೆಯ ಬುಡದಲ್ಲೊಂದು ಮಡಿಕೆ,
ಸೊಂಟಕ್ಕೆ ಸಿಕ್ಕಿಸಿದ ಎಲೆ ಅಡಿಕೆ ಚಂಚಿ.
ಚಂಚಿಯೊಳಗೆ ಒಂದು ಹನಿ,
ಹನಿಯೊಳಗೆ ಬಾಯಿಯ ಚಕ್ರ ತಿರುಗಿಸುತ್ತ
ಯಾವುದೋ ಜೀವ.
ಅದನ್ನು ಬರೆಯುವ ಹಾಗಿಲ್ಲ.
ಅದು ಬೇರೆಯವರ ವಿಷಯ.

ಜೀವಕೋಶಕ್ಕೆ ಎರಡು, ಕೆಲವಕ್ಕೆ ಮೂರು
ಎಣ್ಣೆಯ ಮಣಿ.
ಸಸ್ಯ ಆರಿದರೆ ಅವೂ ಆರುತ್ತವೆ.
ಅದಕ್ಕೇ ಕಣಕುಂಬಿಯಿಂದ ಬಸ್ಸಿನಲ್ಲಿ
ಊಟದ ಡಬ್ಬಿಯೊಳಗೆ, ಒದ್ದೆ ಕರವಸ್ತ್ರದಲ್ಲಿ ಸುತ್ತಿ,
ತೊಡೆಯ ಮೇಲಿಟ್ಟುಕೊಂಡು ಬಂದದ್ದು.
ಜಾಂಬೋಟಿಯಲ್ಲಿ ಹತ್ತಿದ ಹೆಂಗಸು
ಎರಡು ಸಲ ಮುಚ್ಚಳ ತೆಗೆದದ್ದು ನೋಡಿ
"ಏನ್ರಿ, ಜೇನಹುಟ್ಟೇನು?" ಎಂದಳು.
ಹೌದೆಂದೆ. ಹಾವಸೆ ಎಂದಿದ್ದರೆ
ಬೆಳಗಾವಿಯವರೆಗೂ ವಿವರಿಸಬೇಕಿತ್ತು.

ಸಿಕ್ಕ ಜಾಗ: ಗೌಳಿವಾಡದ ಹಳ್ಳ,
ಎಮ್ಮೆ ಇಳಿಯುವ ದಂಡೆಯ ಮೆಟ್ಟುಗಲ್ಲು,
ಉತ್ತರದ ಬದಿ.
ಎತ್ತರ: ಸಮುದ್ರದಿಂದ ಎಂಟುನೂರ ಹನ್ನೆರಡು ಮೀಟರು,
ಭಾಗೂಬಾಯಿ ಝೋರೆಯ ಮೊಣಕಾಲಿನಿಂದ
ಒಂದು ಗೇಣು ಕೆಳಗೆ.

"ಇದಾ?" ಎಂದಿದ್ದಳು, ಕುಡುಗೋಲಿನ ಹಿಡಿಯಿಂದ ತೋರಿಸಿ,
"ಪುಷ್ಯ ಮಳಿ ಮುಗದ ಮ್ಯಾಲೆ
ವರ್ಷಾ ಕೆರದು ಒಗೀತೀನಿ. ಎಮ್ಮಿ ಜಾರತಾವು."
ಮತ್ತೆ ಈ ಬದಿ ಯಾಕೆ ಬಿಟ್ಟೆ?
"ಇಲ್ಲಿ ಯಾರೂ ಕಾಲ ಇಡೂದಿಲ್ಲ.
ಮತ್ಯಾಕ ಕೆರೀಬೇಕು?"

ನಾನು ಮಣ್ಣಿಗೆ ಮೂಗು ಹಚ್ಚಿ, ಭೂತಗನ್ನಡಿ ಹಿಡಿದು
ಮಳೆಯಲ್ಲಿ ಅರ್ಧ ತಾಸು ಮಲಗಿದ್ದಕ್ಕೆ
ಅವಳಿಗೆ ಸಂಶಯ.
"ಕುಲ ಯಾವುದಂತ ಇದರದು?"
ಲೆಜೂನಿಯಾ, ಎಂದೆ.
"ನಮ್ಮ ಪೈಕಿ ಅಲ್ಲ ಬಿಡು,"
ಎಂದು ನಗುತ್ತ ಎಮ್ಮೆಯ ಬೆನ್ನಿಗೆ ತಟ್ಟಿದಳು.

ಮೂರನೇ ಸಾಲು ಮೇಲಿನಿಂದ ಕಾಣುವುದಿಲ್ಲ.
ಸೂಜಿಯ ಮೊನೆಯಿಂದ ಮೆಲ್ಲಗೆ ಮಗುಚಬೇಕು.
ಕಲ್ಲಿಗೆ ಹೊಟ್ಟೆ ಹಚ್ಚಿದ ಕಡೆ
ಚಿಕ್ಕ ಚಿಕ್ಕ ಎಲೆ, ತುದಿ ಸೀಳಿದ್ದು;
ಬೆಳಕು ಕಂಡದ್ದೇ ಇಲ್ಲ ಎನ್ನುವಷ್ಟು ಬಿಳಿಚಿದ್ದು.
ಬೇರಲ್ಲದ ಬೇರಿನೆಳೆಗಳು
ಅವುಗಳ ಬುಡದಲ್ಲೇ ಹುಟ್ಟಿ
ಕಲ್ಲನ್ನು ಹಿಡಿದುಕೊಂಡಿವೆ.
ಮೇಲಿನೆರಡು ಸಾಲು ಎಷ್ಟೋ ಸಸ್ಯಗಳಲ್ಲಿ ಇದೇ ಥರ.
ಇದು ಬೇರೆ ಎಂದು ಗೊತ್ತಾದದ್ದು
ಅಡಿಮೇಲು ಮಾಡಿದಾಗ,
ರಾತ್ರಿ ಹನ್ನೊಂದೂವರೆಗೆ,
ಅಟೆಂಡರ್ ಬಸಲಿಂಗ ಬೀಗದ ಗೊಂಚಲು ಆಡಿಸುತ್ತ
ಬಾಗಿಲಲ್ಲಿ ನಿಂತಿದ್ದಾಗ.

ಹೆಸರು.
ಊರಿನ ಹೆಸರಿಡಿ, ತಂಟೆ ಇರದು, ಅಂದರು ಸರ್.
ಬೆಳಗಾವಿಯಲ್ಲಿ, ಊರಿನ ಹೆಸರಿಗೆ, ತಂಟೆ ಇರದು!
ತಾವೇ ನಕ್ಕು ಚಹಾ ತರಿಸಿದರು.
ನಾನು ಬರೆದೆ: ಲೆಜೂನಿಯಾ ಝೋರೆಯೇ.
ಲ್ಯಾಟಿನ್ನಿನಲ್ಲಿ ಕೊನೆಯ ಆ ಏಕಾರಕ್ಕೆ
'ಅವಳದು' ಎಂದಷ್ಟೇ ಅರ್ಥ.
ನಮ್ಮ ಬಾಯಲ್ಲಿ ಅದು ಕೇಳುತ್ತದೆ: ಝೋರೆಯೇ?
ಒತ್ತಿ ಹೇಳುತ್ತದೆ: ಝೋರೆಯೇ.
ಹಳ್ಳದ ಆಚೆ ದಂಡೆಗೆ ಕೂಗಿ ಕರೆಯುತ್ತದೆ.
ಮೂರೂ ಇರಲಿ ಎಂದು ಹಾಗೇ ಬಿಟ್ಟೆ.

'ಹೊಸ ಪ್ರಭೇದ' ಎಂಬ ಸಾಲಿನ ಮುಂದೆ ಮಾತ್ರ
ಪೆನ್ನು ನಿಂತಿತು.
ಯಾರಿಗೆ ಹೊಸದು ಎಂದು ತುಂಬಲು
ಆ ನಮೂನೆಯಲ್ಲಿ ಜಾಗವಿಲ್ಲ.

ಮುಂದಿನ ಮಳೆಗೆ ಅಚ್ಚಾದ ಹಾಳೆ ಒಯ್ದು ತೋರಿಸಿದೆ.
ಚಿತ್ರವನ್ನು ಬೆಳಕಿಗೆ ಹಿಡಿದು, ತಿರುಗಿಸಿ,
ತಲೆಕೆಳಗೆ ಮಾಡಿ, ಬಹಳ ಹೊತ್ತು ನೋಡಿದಳು.
"ಹೆಸರ ಇಟ್ರ," ಎಂದಳು ಕಡೆಗೆ,
"ಜಾರೂದು ತಪ್ಪತದೇನು?"
ಕುಡುಗೋಲು ಎತ್ತಿಕೊಂಡು
ದಕ್ಷಿಣದ ಬದಿಯಿಂದ ಕೆರೆಯತೊಡಗಿದಳು.