ಮಂಜು ಬೇಯುವ ಕೋಣೆ

ಅಜ್ಮಾನಿನ ಮೂರನೇ ಮಹಡಿ.
ಬೋರ್ಡು ಬರೆವ ವಲೇರಿಯನ್
ಕಂತಿನಲ್ಲಿ ಕೊಂಡ ಗ್ರಾಫಿಕ್ಸ್ ಕಾರ್ಡು
ರಾತ್ರಿ ಹನ್ನೊಂದರಿಂದ ಬಾಡಿಗೆಗೆ.
ನಮ್ಮ ಮಂಚದ ಹಾಗೆಯೇ:
ನಾನೆದ್ದ ಮೇಲೆ ಅದರಲ್ಲಿ ಹಂಝಾಕ,
ಬೆಚ್ಚಗಿನ ದಿಂಬು ಮಗುಚಿ ಹಾಕಿ.

ಯಾವ ದೇಶದವನ ಸಿನಿಮಾನೋ,
ಅದರ ಮಂಜು ಇಲ್ಲಿ ಬೇಯುತ್ತದೆ.
ಹೊರಗೆ ನಲವತ್ತೆರಡು ಡಿಗ್ರಿ.
ಉಬ್ಬಸ ಬಿಡುತ್ತ ಪೆಟ್ಟಿಗೆ
ಒಂದೊಂದೇ ಹಿಮದ ಹರಳು ತೂರುತ್ತದೆ.

'ಕರೆಂಟ್ ಬಿಲ್ ಯಾರಪ್ಪ ಕಟ್ತಾನಾ?'
ಹಂಝಾಕ ಗದರಿದರೆ
ಫೋನು ಚಾಚುತ್ತಾನೆ: ಮುಕ್ಕಾಲು ಟೋಕನ್.
ಕಚ್ಚಿ ನೋಡಲಾಗದ ನಾಣ್ಯ,
ಚಹಾ ಆರುವುದರೊಳಗೆ
ಅರ್ಧ ದಿರ್ಹಮ್ ಆವಿ.

ನಿನ್ನೆ ನಸುಕಿಗೆ ಪರದೆ ತಡೆದು ನಿಂತಿತ್ತು.
ಒಂದು ಕಿವಿ, ಅರ್ಧ ಉಣ್ಣೆಟೋಪಿ.
ಉಳಿದ ಮಗು
ಇನ್ಯಾರದೋ ಕೋಣೆಯಲ್ಲಿ ಮೂಡುತ್ತಿರಬೇಕು.

ಪಾಳಿ ಮುಗಿಸಿ ಬಂದ ಹಂಝಾಕ
ತುಸು ಹೊತ್ತು ನೋಡಿದರು.
ಟೇಬಲ್ ಫ್ಯಾನನ್ನು ಅದರತ್ತ ತಿರುಗಿಸಿ
ಮಲಗಿದರು.