ತೋಳಿನ ಅಳತೆ

ಕೈ ಚಾಚಿ ನಿಲ್ಲು ಸರ್ವಮಂಗಳಾ, ಹಾಗೇ.
ಭುಜ ಹದಿನಾಲ್ಕು. ಎದೆ ಮೂವತ್ನಾಲ್ಕು.
ಗೌರಿ ಹಬ್ಬಕ್ಕೆ ಮೂವತ್ತಾರಿತ್ತು,
ಇರಲಿ.

ತೋಳು ಮೊಣಕೈ ದಾಟಬೇಕು ಅಂತೀಯ,
ಈ ಅರಸೀಕೆರೆ ಬಿಸಿಲಲ್ಲಿ, ಚೈತ್ರದಲ್ಲಿ,
ಕೊಬ್ಬರಿ ತಾನಾಗೇ ಎಣ್ಣೆ ಬಿಡೋ ಹೊತ್ತಲ್ಲಿ.
ಆಯ್ತು, ಬಟ್ಟೆ ಸಾಲುತ್ತಾ ನೋಡ್ತೀನಿ.
ಟೇಪು ತೋಳು ಸುತ್ತುವಾಗ ಉಸಿರು ಹಿಡಿದೆ ನೀನು.
ನಾನು ಅಂಕಿ ನೋಡಿದೆ. ಅಂಕಿಯ ಕೆಳಗೆ
ನೇರಳೆಹಣ್ಣು ಹಿಚುಕಿದಂಥದ್ದೂ ನೋಡಿದೆ.

ಕೂತ್ಕೋ. ಬೇರೇದೇ ಕಥೆ ಹೇಳ್ತೀನಿ.

ಹೋದ ಕಾರ್ತೀಕದಲ್ಲಿ ನನ್ನ ಹೊಲಿಗೆ ಸರ್ಟಿಫಿಕೇಟು ಕಳೀತು.
ಬಸ್‌ಸ್ಟ್ಯಾಂಡಲ್ಲೋ, ಜೆರಾಕ್ಸ್ ಅಂಗಡಿಯಲ್ಲೋ, ದೇವರಿಗೇ ಗೊತ್ತು.
ಬ್ಯಾಂಕಿನವನು ಅಂದ: ಸಾಲ ಬೇಕಾದರೆ ಡೂಪ್ಲಿಕೇಟ್ ತನ್ನಿ,
ಡೂಪ್ಲಿಕೇಟ್ ಬೇಕಾದರೆ ಪೊಲೀಸ್ ಸ್ಟೇಷನ್ನಿಂದ ಚೀಟಿ ತನ್ನಿ.
ಎದೆ ಧಸಕ್ ಅಂತು.
ನಮ್ಮಪ್ಪನದು ಸಾಯೋವರೆಗೂ ಒಂದೇ ಮಾತು,
ಕೋರ್ಟಿನದೂ ಠಾಣೆಯದೂ ಮೆಟ್ಟಿಲು ಬಿಸಿ, ಕಾಲಿಡಬೇಡಿ.
ಎರಡು ಸಲ ಗೇಟಿನ ತನಕ ಹೋಗಿ
ಎದುರಂಗಡಿಯಲ್ಲಿ ಬೇಡದ ಸೋಡಾ ಕುಡಿದು ಬಂದೆ.
ಮೂರನೇ ಸಲ ಸೋಡಾದವನೇ ಅಂದ,
ಅಕ್ಕಾ, ಒಳಗೂ ನೀರು ಕೊಡ್ತಾರೆ, ಹೋಗಿ.

ಅಂಗಳದಲ್ಲಿ ವಾರಸುದಾರರಿಲ್ಲದ ಹನ್ನೊಂದು ಬೈಕು,
ಒಂದರ ಸೀಟಿನ ಮೇಲೆ ಬೆಕ್ಕು.
ಒಳಗೆ ಕಿರುಗುಟ್ಟೋ ಫ್ಯಾನು. ಬಾಗಿಲ ಪಕ್ಕದ ಮೇಜಲ್ಲಿ
ಒಬ್ಬ ಹೆಣ್ಣುಮಗಳು, ಎದೆಪಟ್ಟಿಯಲ್ಲಿ ದಾಕ್ಷಾಯಿಣಿ.
ಎಲ್ಲಿ ಕಳೀತು, ಕೇಳಿದಳು.
ಗೊತ್ತಿದ್ದರೆ ಅಲ್ಲೇ ಹೋಗಿ ತಗೋತಿದ್ದೆನಲ್ಲಾ ತಾಯಿ, ಅಂದೆ.
ನಕ್ಕಳು. ಖಾಕಿಗೂ ಹಲ್ಲಿರೋದು ಅವತ್ತೇ ನೋಡಿದ್ದು.

ಬರೆಯೋಕೆ ಬರಲ್ಲ ಅಂದೆ. ಬರುತ್ತೆ, ಕೈ ನಡುಗ್ತಿತ್ತು ಅಷ್ಟೆ.
ನೀವು ಹೇಳಿ, ನಾನು ಬರೀತೀನಿ ಅಂದಳು.
ಬರೆದು, ಓದಿ ಹೇಳಿ, ಆಮೇಲೆ ಸಹಿ ಕೇಳಿದಳು.
ನೆನಪಿರಲಿ, ಓದಿ ಹೇಳದ ಕಾಗದಕ್ಕೆ ಸಹಿ ಹಾಕಬಾರದು.
ನಂಬರು, ಮೊಹರು ಸಮೇತ ಸ್ವೀಕೃತಿ ಕೊಟ್ಟಳು.
ಎಷ್ಟು ಅಂತ ಸೆರಗಿನ ಗಂಟು ಬಿಚ್ಚಿದೆ.
ಕಟ್ಟಿಕೊಳ್ಳಿ, ಅಂದಳು.

ಎಲ್ಲ ಸಲವೂ ಹಾಗೇ ಅಂತ ಪ್ರಮಾಣ ಮಾಡಲ್ಲ ನಾನು.
ಅವತ್ತೇ ಇನ್ನೊಂದು ಮೇಜಿನವನು ಒಬ್ಬ ಮುದುಕನ ಮೇಲೆ ರೇಗ್ತಿದ್ದ,
ನಾಳೆ ಬಾ ಅನ್ನೋದು ಆ ಗೋಡೆಗೂ ಬಾಯಿಪಾಠ.
ಮುದುಕ ಕದಲಲಿಲ್ಲ, ಬೆಂಚು ಹಿಡಿದು ಕೂತ.
ಸಂಜೆಗೆ ಬರೆಸಿಕೊಂಡೇ ಎದ್ದನಂತೆ.
ಬೆಂಚು ನಮ್ಮದೇ ತಾನೇ, ನಾವು ಕಟ್ಟಿದ ಕಂದಾಯದ್ದು.

ಆಮೇಲಿಂದ ದಾಕ್ಷಾಯಿಣಿ ಬ್ಲೌಸಿಗೆಲ್ಲ ನಂದೇ ಹೊಲಿಗೆ.
ಬಂದಾಗೆಲ್ಲ ಒಂದೊಂದು ಹೇಳ್ತಾಳೆ.
ಬೀಗ ಹಾಕಿ ಮದುವೆಗೆ ಹೋದರೆ ತಿಳಿಸಿ ಹೋಗಿ,
ರಾತ್ರಿ ಬೀಟಿನ ಚನ್ನವೀರಯ್ಯ ಚಿಲಕ ಮುಟ್ಟಿ ನೋಡ್ತಾರೆ.
ಯಾವ ಊರಲ್ಲಿ ನಡೆದಿದ್ದನ್ನೂ ಯಾವ ಠಾಣೆಯಲ್ಲೂ ಬರೆಸಬಹುದು,
ನಮ್ಮ ಸರಹದ್ದಲ್ಲ ಅನ್ನೋ ಹಾಗಿಲ್ಲ.
ಎಫ್‌ಐಆರ್ ಆದರೆ ಒಂದು ಪ್ರತಿ ನಮ್ಮ ಕೈಗೆ, ಪುಕ್ಕಟೆ.
ಫೋನಿಗೆ ಮೂರೇ ಅಂಕಿ: ಒಂದು, ಒಂದು, ಎರಡು,
ಮೂಗುಬೊಟ್ಟಿನ ಅಳತೆಗಿಂತ ಸಣ್ಣ ಲೆಕ್ಕ.
ಹೆಂಗಸಿನ ಮಾತನ್ನ ಹೆಂಗಸೇ ಬರೆದುಕೊಳ್ಳಲಿ ಅಂತ ಕೇಳಬಹುದು.

ಇದೆಲ್ಲ ಸರ್ಟಿಫಿಕೇಟು ಕಳಕೊಂಡವರಿಗೆ, ಸರ್ವಮಂಗಳಾ.
ನಿಂದೇನೂ ಕಳೆದಿಲ್ಲ ಅಂತೀಯ, ಸರಿ.
ಬಾಗಿಲು ತಾಗಿತು ಅಂತೀಯ, ಸರಿ.
ನಮ್ಮನೆ ಬಾಗಿಲೂ ಮರದ್ದೇ.
ಅದಕ್ಕೆ ಬೆರಳಿಲ್ಲ.

ಬುಧವಾರ ಕೊಡ್ತೀನಿ ಬ್ಲೌಸು.
ಅವತ್ತೇ ಹತ್ತೂವರೆಗೆ ದಾಕ್ಷಾಯಿಣಿಗೂ ಒಂದು ಒಪ್ಪಿಸೋದಿದೆ.
ಒಬ್ಬಳೇ ಆ ಗೇಟು ದಾಟೋಕೆ ನನಗೆ ಇನ್ನೂ ಒಂಥರಾ.
ಜೊತೆಗೆ ಬಾ ಬೇಕಾದರೆ. ಸೋಡಾ ನಂದು.

ಮೈಸೂರು ಗಾಡಿ ಹೋಯ್ತು, ಮಿಷನ್ನು ಅದುರಿತು,
ನೀನು ಗುಂಡಿ ಡಬ್ಬಿಯಲ್ಲಿ ಬೆರಳಾಡಿಸ್ತಾ ಕೂತೆ.
ಪುಸ್ತಕದಲ್ಲಿ ಬರೆದಿದ್ದೀನಿ: ಭುಜ, ಎದೆ, ಕಂಕುಳು.
ತೋಳಿನ ಮುಂದೆ ಗೀಟೆಳೆದು ಖಾಲಿ ಬಿಟ್ಟಿದ್ದೀನಿ.
ಗಿಡ್ಡವೋ ಉದ್ದವೋ
ಬುಧವಾರದೊಳಗೆ ಹೇಳು. ಕತ್ತರಿ ಹಾಕಿಲ್ಲ ಇನ್ನೂ.