ಕಾಯುವುದು

ಮೇ ತಿಂಗಳ ಮೊದಲ ವಾರ ಮುಳುಗಿದ ಸೂರ್ಯ
ಆಗಸ್ಟಿನವರೆಗೆ ಈ ಕಡೆ ತಲೆ ಹಾಕುವುದಿಲ್ಲ.
ಡೋಮ್ ಸಿ. ಕಾಲಡಿ ಮೂರು ಸಾವಿರ ಮೀಟರ್ ಮಂಜುಗಡ್ಡೆ,
ಹದಿಮೂರು ಜನ, ಒಂದು ಅಡುಗೆಮನೆ.
ಪೆಂಗ್ವಿನ್ ಇಲ್ಲ, ಕಡಲು ಸಾವಿರ ಕಿಲೋಮೀಟರ್ ದೂರ.
ಹಿಟ್ಟಿನ ಮೂಟೆಯಲ್ಲಿ ಸಿಕ್ಕ ಸತ್ತ ಹುಳುವೊಂದನ್ನು
ಅಡುಗೆಯ ಗ್ವೆನೋಲೆ ಗಾಜಿನ ಲೋಟ ಬೋರಲು ಹಾಕಿ
ಬಂದವರಿಗೆಲ್ಲ ತೋರಿಸುತ್ತಾನೆ.

ಒರ್ನೆಲ್ಲಾ ಹೊರಟಳು, ಹಗ್ಗ ಹಿಡಿದು, ಕಾಲುಗಂಟೆಯ ನಡಿಗೆ.
ಮೈನಸ್ ಎಪ್ಪತ್ತೊಂದು.
ಬಿಟ್ಟ ಉಸಿರು ಕಿವಿಯ ಪಕ್ಕದಲ್ಲೇ ಹೆಪ್ಪುಗಟ್ಟಿ
ಸಣ್ಣಗೆ ಗರಗರ ಅನ್ನುತ್ತದೆ.
ರೆಪ್ಪೆಗೆ ರೆಪ್ಪೆ ಅಂಟಿ, ಬಿಡಿಸಿಕೊಂಡರೆ ಮತ್ತೆ ಅಂಟಿ.
ಕೈಯಲ್ಲೊಂದು ಕುಂಚ: ಕನ್ನಡಿಯ ಮೇಲಿನ ಹರಳುಗಳನ್ನು
ಗುಡಿಸಬೇಕು, ಒರೆಸಬಾರದು,
ಗುಡಿಸುವಷ್ಟು ಹೊತ್ತೂ ಉಸಿರಾಡಬಾರದು.

ಈ ದುರ್ಬೀನಿಗೆ ಬೇಕಾದದ್ದು ಕೆಂಪಿನಾಚೆಯ ಕಾವು.
ಅದರ ಕಣ್ಣಿಗೆ ಬೇರೆ ಊರಿನ ಅಮಾವಾಸ್ಯೆಯೂ ನಡುಮಧ್ಯಾಹ್ನ:
ಗಾಳಿ ಉರಿಯುತ್ತದೆ, ನೀರಾವಿ ಉರಿಯುತ್ತದೆ,
ಕೊಳವೆ ತಾನೇ ಉರಿದು ತನ್ನ ಕಣ್ಣು ಕುಕ್ಕಿಕೊಳ್ಳುತ್ತದೆ.
ಬಿಸಿಲಲ್ಲಿಟ್ಟ ಕೆಂಡ ಬರೀ ಬೂದಿ;
ಕತ್ತಲಿಗೆ ತಂದರೆ ಕೆಂಡ.

ದುರ್ಬೀನು ಕಾಯಬೇಕು, ಆದರೆ ಕಾಯಬಾರದು.
ನನ್ನ ಮಾತಿನಲ್ಲಿ ಎರಡಕ್ಕೂ ಒಂದೇ ಪದ.
ಅವಳಿಗೆ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ.

ಅವಳು ಕಾಯುವುದು ಮಸುಕಾದೊಂದು ಕೆಂಪು ನಕ್ಷತ್ರವನ್ನು,
ಹೆಸರಿಲ್ಲ, ಪಟ್ಟಿಯಲ್ಲೊಂದು ಸಂಖ್ಯೆ.
ಒಂಬತ್ತು ದಿನಕ್ಕೊಮ್ಮೆ ಅದರ ಮುಂದೆ ಏನೋ ಹಾಯುತ್ತದೆ,
ಬೆಳಕು ಸಾವಿರದಲ್ಲಿ ಮೂರು ಪಾಲು ಕುಗ್ಗಿ,
ಎಪ್ಪತ್ತು ನಿಮಿಷ, ಮತ್ತೆ ಮೊದಲಿನ ಹಾಗೆ.
ಭೂಮಿಯಷ್ಟೇ ಗಾತ್ರ ಇರಬಹುದು.
ಅಲ್ಲಿ ನೀರು? ಯಾರು ಕಂಡವರು.
ಒಂದು ಸಲ ತೆಳುಮೋಡ ಬಂತು,
ಇನ್ನೊಂದು ಸಲ ಚಳಿಗೆ ಕೇಬಲ್ಲು ಕಡ್ಡಿಯಂತೆ ಮುರಿಯಿತು.

ನಿನ್ನೆ ಆದದ್ದಿಷ್ಟು.
ಎಲ್ಲಿ ಕಾವು ಸೋರುತ್ತಿದೆಯೆಂದು ಹುಡುಕಲು
ಗುಡಿಸಲಿಗೆ ಮುಖ ಮಾಡಿ ಒಂದು ಶಾಖದ ಕ್ಯಾಮೆರಾ ಇಟ್ಟಿದ್ದರು.
ತಿರುಪು ಬಿಗಿಯಲೆಂದು ದಪ್ಪ ಕೈಗವಸು ಕಳಚಿ
ಒರ್ನೆಲ್ಲಾ ಮರದ ಬಾಗಿಲಿಗೆ ಅಂಗೈ ಊರಿದ್ದಳು, ಒಂದೇ ಗಳಿಗೆ.
ಒಳಗೆ ಬಂದು ಪರದೆ ನೋಡಿದರೆ
ಕಪ್ಪು ಬಾಗಿಲ ಮೇಲೆ ಐದು ಬೆರಳು, ನಿಗಿನಿಗಿ.
ಕಿರುಬೆರಳು ಮೊದಲು ಹೋಯಿತು. ಆಮೇಲೆ ಉಳಿದವು.
ಹೆಬ್ಬೆರಳ ಬುಡ ಮಾತ್ರ
ಹೋಗಲೋ ಬೇಡವೋ ಎಂದು ಸ್ವಲ್ಪ ನಿಂತಿತು.

ರಾತ್ರಿಯೂಟಕ್ಕೆ (ಅದು ರಾತ್ರಿಯೆಂದು ಹೇಳಿದ್ದು ಗಡಿಯಾರ)
ಗ್ವೆನೋಲೆ ಕೇಳಿದ: ಸಿಕ್ಕಿದರೇ ಯಾರಾದರೂ?
ಹೂಂ, ಅಂದಳು. ನಾನೇ.
ಸೂಪಿನ ಬಟ್ಟಲು ಎರಡೂ ಕೈಯಲ್ಲಿ ಹಿಡಿದು
ಬಹಳ ಹೊತ್ತು ಕುಡಿಯದೆ ಕೂತಳು.

ಇನ್ನು ಆರು ದಿನ.